ಅಖಿಲ ಹದಡಿ ರೋಡ್ ಗಣ್ಯರ ತಂಡ ಪ್ರಕಟ

ಅಮೆರಿಕದ ಕಾಲೇಜುಗಳಲ್ಲಿ ಫುಟ್‌ಬಾಲ್ ಎಂಬ ಹೆಸರಿನಲ್ಲಿ ಒಂದು ಆಟ ಆಡುತ್ತಾರೆ. ಅದರಲ್ಲಿ ಚೆಂಡು ಕಾಲಿನ ಹತ್ತಿರ ಇರುವುದಕ್ಕಿಂತ ಕಂಕುಳಲ್ಲಿ ಇರುವುದೇ ಹೆಚ್ಚು. ಒಬ್ಬ ಅದನ್ನು ಅವುಚಿಕೊಂಡು ಎದುರಾಳಿಯ ಅಂಗಳಕ್ಕೆ ನುಗ್ಗುತ್ತಾನೆ. ಆ ಕಡೆಯ ಹನ್ನೊಂದು ಜನ ಸೊಂಟವೋ ತೊಡೆಯೋ ಪಾದವೋ, ಸಿಕ್ಕಿದ್ದನ್ನು ಹಿಡಿದು ಕೆಡವುತ್ತಾರೆ. ದಾವಣಗೆರೆ ಹತ್ತಿರದ ಹದಡಿಯ ಯಾವ ಹುಡುಗನಿಗೆ ತೋರಿಸಿದರೂ ಅರ್ಧ ನಿಮಿಷದಲ್ಲಿ ಗುರುತು ಹಿಡಿಯುತ್ತಾನೆ: "ಇದು ಕಬಡ್ಡೀನೇ ಕಣಣ್ಣ. ಹೆಲ್ಮೆಟ್ ಹಾಕ್ಕಂಡು ಆಡ್ತಾರೆ, ಉಸಿರು ಬಿಡಾಕೆ ಪರ್ಮಿಷನ್ ಐತಿ, ಅಷ್ಟೇ ಫರಕು."

ಆಟದ ಮಾತು ಬಿಡಿ. ಆಟ ಮುಗಿದ ಮೇಲೆ ಅವರು ಮಾಡುವ ಕೆಲಸವಿದೆಯಲ್ಲ, ನಮ್ಮ ಜಿಲ್ಲೆ ಅಭ್ಯಾಸ ಮಾಡಬೇಕಾದದ್ದು ಅದನ್ನು. ಅಲ್ಲಿನ ಕಾಲೇಜುಗಳು ಗುಂಪು ಕಟ್ಟಿಕೊಂಡು ಹೆಚ್ಚಿನ ಪಂದ್ಯಗಳನ್ನು ತಮ್ಮತಮ್ಮಲ್ಲೇ ಆಡುತ್ತವೆ. ಆ ಗುಂಪಿಗೆ ಕಾನ್ಫರೆನ್ಸ್ ಎನ್ನುತ್ತಾರೆ. ಪಂದ್ಯಗಳೆಲ್ಲ ಮುಗಿಯುತ್ತಲೇ ತರಬೇತುದಾರರು, ಪತ್ರಕರ್ತರು ಓಟು ಹಾಕಿ, ಇಡೀ ಗುಂಪಿನಲ್ಲಿ ಯಾವ ಜಾಗಕ್ಕೆ ಯಾರು ಉತ್ತಮ ಎಂದು ಆರಿಸಿ, 'ಆಲ್-ಕಾನ್ಫರೆನ್ಸ್' ತಂಡ ಪ್ರಕಟಿಸುತ್ತಾರೆ. ಈ ತಂಡ ಒಟ್ಟಿಗೆ ಒಂದು ದಿನವೂ ಮೈದಾನಕ್ಕೆ ಇಳಿಯುವುದಿಲ್ಲ. ಅದರ ಕೆಲಸ ಪಟ್ಟಿಯಲ್ಲಿ ಇರುವುದು ಮಾತ್ರ. ಮೊದಲ ತಂಡ, ಎರಡನೇ ತಂಡ, ಕೆಲವು ಕಡೆ ಮೂರನೇ ತಂಡ. ಮೂರರಲ್ಲೂ ಸಿಗದೆ ಉಳಿದವರಿಗೆ 'ಗೌರವದ ಉಲ್ಲೇಖ'. 1896ರಲ್ಲಿ ಹುಟ್ಟಿದ 'ಬಿಗ್ ಟೆನ್' ಎಂಬ ಗುಂಪಿನಲ್ಲಿ ತರಬೇತುದಾರರ ಪಟ್ಟಿಯೇ ಬೇರೆ, ಪತ್ರಕರ್ತರ ಪಟ್ಟಿಯೇ ಬೇರೆ. ಹೆಸರಿನಲ್ಲಿ ಹತ್ತು, ಹಾಜರಿಯಲ್ಲಿ 18 ವಿಶ್ವವಿದ್ಯಾಲಯಗಳು. 'ಬಿಗ್ 12' ಎಂಬ ಇನ್ನೊಂದರಲ್ಲಿ 16. ಲೆಕ್ಕ ತಪ್ಪಿದರೂ ಸನ್ಮಾನ ತಪ್ಪಬಾರದು ಎಂಬ ತತ್ವ ದಾವಣಗೆರೆಯವರಿಗೆ ಹೊಸದೇನಲ್ಲ.

ಇಷ್ಟಕ್ಕೇ ನಿಂತಿದ್ದರೆ ಅಮೆರಿಕವನ್ನು ಹಿಂದುಳಿದ ದೇಶ ಎನ್ನಬಹುದಿತ್ತು. ಆದರೆ ಅವರು ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಪಂದ್ಯಗಳು ಶುರುವಾಗುವುದು ಆಗಸ್ಟ್ ಕೊನೆಗೆ. 'ಋತುಪೂರ್ವ ಆಲ್-ಕಾನ್ಫರೆನ್ಸ್ ತಂಡ' ಪ್ರಕಟವಾಗುವುದು ಬೇಸಿಗೆಯಲ್ಲೇ. ಅಂದರೆ ಹುಡುಗ ಆ ವರ್ಷ ಇನ್ನೂ ಒಂದು ಚೆಂಡು ಮುಟ್ಟಿಲ್ಲ, ಬಿದ್ದಿಲ್ಲ, ಎದ್ದಿಲ್ಲ, ಆಗಲೇ ಉತ್ತಮ ಆಟಗಾರ! ಇದನ್ನು ಓದಿ ನಮ್ಮ ಕಡೆಯ ಒಬ್ಬ ಸಂಘಟಕರು ನಕ್ಕುಬಿಟ್ಟರು. ಅವರು ಪಂದ್ಯಾವಳಿಗೆ ಬ್ಯಾನರ್ ಮಾಡಿಸುವಾಗಲೇ 'ಹಾರ್ದಿಕ ಸ್ವಾಗತ' ಮತ್ತು 'ಪಂದ್ಯಾವಳಿಯನ್ನು ಅಭೂತಪೂರ್ವವಾಗಿ ಯಶಸ್ವಿಗೊಳಿಸಿದ ಸರ್ವರಿಗೂ ಅಭಿನಂದನೆಗಳು' ಎರಡನ್ನೂ ಒಟ್ಟಿಗೆ ಪ್ರಿಂಟ್ ಹಾಕಿಸುತ್ತಾರೆ. ಎರಡು ಸಲ ಪ್ರೆಸ್ಸಿಗೆ ಯಾಕೆ ಅಲೆಯಬೇಕು? ರಾಜ್ಯದಲ್ಲಿ 2016ರಿಂದಲೇ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧವಾಗಿದೆ ಎಂದು ನೆನಪಿಸಿದೆ. "ಅದಕ್ಕೇ ಒಂದೇ ಸಲ ಮಾಡಿಸ್ತೀವಿ" ಎಂದರು.

ಅಮೆರಿಕದವರ ಪಟ್ಟಿ ಪುರಾಣ ಹಳೆಯದು. ಇಡೀ ದೇಶದ ಉತ್ತಮ ಹನ್ನೊಂದು ಆಟಗಾರರನ್ನು ಆರಿಸಿದ ಮೊದಲ 'ಅಖಿಲ ಅಮೆರಿಕ' ಪಟ್ಟಿ ಹೊರಬಿದ್ದದ್ದು 1889ರಲ್ಲಿ. ಅಷ್ಟು ದೊಡ್ಡ ದೇಶವನ್ನು ಜಾಲಾಡಿ ತೆಗೆದ ಆ ಹನ್ನೊಂದು ರತ್ನಗಳೂ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಎಂಬ ಮೂರೇ ಕಾಲೇಜಿನವು. ನಮ್ಮಲ್ಲಿ 'ತಾಲ್ಲೂಕು ತಂಡ'ದ ಹನ್ನೆರಡು ಹುಡುಗರಲ್ಲಿ ಒಂಬತ್ತು ಜನ ಆಯ್ಕೆ ಸಮಿತಿಯವರ ಊರಿನವರೇ ಆಗಿದ್ದರೆ ಪಾಪ, ಜನ ಸಂಶಯ ಪಡುತ್ತಾರೆ. ಸಂಶಯ ಬೇಡ, ಅದು ಅಂತರರಾಷ್ಟ್ರೀಯ ಪರಂಪರೆ. ಅಮೆರಿಕದವರು ಆಮೇಲೆ ಕೆಟ್ಟರು. ಅವರ ಎಸ್‌ಇಸಿ ಎಂಬ ದೊಡ್ಡ ಗುಂಪಿನಲ್ಲಿ ಈಗ ತರಬೇತುದಾರ ತನ್ನ ತಂಡದ ಹುಡುಗನಿಗೆ ತಾನೇ ಓಟು ಹಾಕುವಂತಿಲ್ಲ ಎಂಬ ನಿಯಮವಿದೆ. ಇಂಥ ಕ್ರೂರ ನಿಯಮ ಇಲ್ಲಿಗೆ ಬಂದರೆ ನಮ್ಮ ಎಷ್ಟೋ ಸಮಿತಿಗಳು ಸಭೆ ಸೇರುವುದಕ್ಕೇ ಕಾರಣ ಉಳಿಯುವುದಿಲ್ಲ.

ಗುಂಪು ಬದಲಿಸುವ ಚಟವೂ ಅವರಿಗಿದೆ. ಶಾಂತಸಾಗರದ ದಂಡೆಯಲ್ಲಿರುವ ಕ್ಯಾಲಿಫೋರ್ನಿಯಾದ ಎರಡು ವಿಶ್ವವಿದ್ಯಾಲಯಗಳು 2024ರಿಂದ 'ಅಟ್ಲಾಂಟಿಕ್ ಕರಾವಳಿ' ಗುಂಪಿನಲ್ಲಿ ಆಡುತ್ತಿವೆ. ಅದನ್ನು ನೋಡಿ ಅಲ್ಲಿನ ಹಳಬರು ಹಣೆ ಚಚ್ಚಿಕೊಂಡರಂತೆ. ನಮ್ಮ ಹರಪನಹಳ್ಳಿಯ ಕತೆ ಕೇಳಿದರೆ ಸುಮ್ಮನಾಗುತ್ತಾರೆ. ಬಳ್ಳಾರಿ ಜಿಲ್ಲೆಯಲ್ಲಿದ್ದ ಆ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆ ಹುಟ್ಟಿದಾಗ ಇಲ್ಲಿಗೆ ಬಂತು. 2018ರಲ್ಲಿ ಮತ್ತೆ ಬಳ್ಳಾರಿಗೆ ಹೋಯಿತು. 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಅಲ್ಲಿನ ಕಬಡ್ಡಿ ಹುಡುಗ ಮನೆಯ ಹೊಸ್ತಿಲು ದಾಟದೆ ಮೂರು ಜಿಲ್ಲೆಗೆ ಆಡಬಹುದು. ಮೂರೂ ಜಿಲ್ಲೆಯವರು 'ನಮ್ಮ ಹುಡುಗ' ಎಂದು ಬ್ಯಾನರ್ ಕಟ್ಟಿಸಬಹುದು. ಶೂ ಕೊಡಿಸುವುದು ಯಾರು ಎಂಬ ಪ್ರಶ್ನೆ ಬಂದಾಗ ಮೂರೂ ಜಿಲ್ಲೆಯವರು ಮಿಕ್ಕ ಎರಡರ ಕಡೆ ಕೈ ತೋರಿಸಬಹುದು.

ಇಷ್ಟು ಪೀಠಿಕೆ ಯಾಕೆಂದರೆ, ಹದಡಿ ರಸ್ತೆಗೂ ಒಂದು ಕಾನ್ಫರೆನ್ಸ್ ಬೇಕು ಎಂದು ನನಗೆ ಬಲವಾಗಿ ಅನ್ನಿಸಿದೆ. ದಾವಣಗೆರೆ ತುದಿಯಲ್ಲಿ 1951ರ ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜಿನಿಂದ ಹಿಡಿದು, ಭದ್ರಾ ನಾಲೆಯ ಭತ್ತದ ಸೀಮೆ ಹಾದು, ಹದಡಿಯ ಊರ ಬಾಗಿಲವರೆಗೆ ಅದರ ವ್ಯಾಪ್ತಿ. ಇಲ್ಲಿ ಚಳಿಗಾಲದಲ್ಲಿ 'ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ' ನಡೆಯದ ವಾರವಿಲ್ಲ. ಉತ್ತಮ ರೈಡರ್, ಉತ್ತಮ ಕ್ಯಾಚರ್, ಆಲ್‌ರೌಂಡರ್, ಶಿಸ್ತಿನ ತಂಡ ಎಂದು ಬಹುಮಾನಗಳೂ ಇವೆ. ಆದರೆ ಸತ್ಯ ಹೇಳಬೇಕೆಂದರೆ, ಈ ಪಂದ್ಯಾವಳಿಗಳಲ್ಲಿ ಅಸಲಿ ಬೆವರು ಸುರಿಯುವುದು ಅಂಗಳದಲ್ಲಲ್ಲ, ವೇದಿಕೆಯ ಮೇಲೆ. ಕಬಡ್ಡಿ ಆಡುವವರು ಒಂದು ಕಡೆ ಏಳೇ ಜನ. ವೇದಿಕೆಯಲ್ಲಿ ಆಸೀನರಾಗುವವರು ಕನಿಷ್ಠ ಇಪ್ಪತ್ತೇಳು. ಪಂದ್ಯ ನಲವತ್ತು ನಿಮಿಷದ್ದು. ಸ್ವಾಗತ ಭಾಷಣ ನಲವತ್ತೈದು ನಿಮಿಷದ್ದು. ಬಹುಸಂಖ್ಯಾತರಿಗೆ ಪ್ರಶಸ್ತಿ ಇಲ್ಲದಿರುವುದು ಪ್ರಜಾಪ್ರಭುತ್ವಕ್ಕೆ ಶೋಭೆಯಲ್ಲ. ಆದ್ದರಿಂದ, ಹಲವು ವೇದಿಕೆಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಅಮೆರಿಕದ ಪದ್ಧತಿಯಲ್ಲೇ ಈ ಸಾಲಿನ 'ಅಖಿಲ ಹದಡಿ ರೋಡ್ ಗಣ್ಯರ ತಂಡ'ವನ್ನು ಈ ಮೂಲಕ ಪ್ರಕಟಿಸಲಾಗಿದೆ.

ಮೊದಲಿಗೆ ದಾಳಿ ವಿಭಾಗ.

ಕ್ವಾರ್ಟರ್‌ಬ್ಯಾಕ್ ಸ್ಥಾನಕ್ಕೆ ನಿರೂಪಕರು. ಅಲ್ಲಿ ಇಡೀ ಆಟ ಅವನ ಕೈಯಿಂದ ಶುರು, ಇಲ್ಲಿ ಮೈಕಿನಿಂದ. ಯಾರ ಹೆಸರಿಗೆ 'ಜನಪ್ರಿಯ', ಯಾರಿಗೆ 'ಕೊಡುಗೈ ದಾನಿ', ಯಾರಿಗೆ 'ಯುವಕರ ಕಣ್ಮಣಿ' ಎಂದು ಕಣ್ಣು ಮಿಟುಕಿಸುವುದರೊಳಗೆ ಎಸೆಯಬೇಕು. 'ಕಣ್ಮಣಿ' ತಪ್ಪಿ ಪಕ್ಕದವರಿಗೆ ಬಿದ್ದರೆ ಮುಂದಿನ ವರ್ಷ ಶಾಮಿಯಾನದವರು ಬರುವುದಿಲ್ಲ.

ರನ್ನಿಂಗ್ ಬ್ಯಾಕ್ ಸ್ಥಾನಕ್ಕೆ, ಒಂದೇ ಸಂಜೆ ಒಂದು ಗೃಹಪ್ರವೇಶ, ಎರಡು ಮದುವೆ, ಒಂದು ತಿಥಿ, ಒಂದು ಕಬಡ್ಡಿ ಮುಗಿಸುವ ಮುಖಂಡರು. ಕಾರಿನ ಎಂಜಿನ್ ಆರಿಸುವುದಿಲ್ಲ. ಬರುತ್ತಾರೆ, ಹಾರಕ್ಕೆ ಕೊರಳು ಕೊಡುತ್ತಾರೆ, "ಕ್ರೀಡೆಯಿಂದ ದೇಹ ಮನಸ್ಸು ಎರಡೂ ಸದೃಢ" ಎನ್ನುತ್ತಾರೆ, ಹಾರ ತೆಗೆದು ಬಾನೆಟ್ ಮೇಲೆ ಇಟ್ಟು ಹೊರಡುತ್ತಾರೆ. ಇವರನ್ನು ಈವರೆಗೆ ಯಾವ ಸಂಘಟಕನೂ ಅಡ್ಡಗಟ್ಟಿ ಕೆಡವಿದ ದಾಖಲೆ ಇಲ್ಲ.

ವೈಡ್ ರಿಸೀವರ್ ಸ್ಥಾನಕ್ಕೆ, ಎಷ್ಟು ದೂರದಿಂದ ಶಾಲು ಬಂದರೂ ಹೆಗಲು ಕೊಟ್ಟು ಹಿಡಿಯುವ ಹಿರಿಯರು. ಶಾಲು ಯಾರಿಗೆಂದು ತಂದದ್ದು ಎಂಬುದು ಇವರಿಗೆ ಸಂಬಂಧಿಸಿದ್ದಲ್ಲ.

ಸೆಂಟರ್ ಸ್ಥಾನಕ್ಕೆ ಪೈಪೋಟಿ ವಿಪರೀತ ಇತ್ತು. ಫೋಟೊದ ನಡುವೆ ನಿಲ್ಲುವ ಆ ಒಂದೇ ಜಾಗಕ್ಕೆ ಹನ್ನೊಂದು ಅರ್ಜಿ ಬಂದವು. ಗೆದ್ದ ತಂಡದ ನಾಯಕ ಕಪ್ ಹಿಡಿದು ಅಲ್ಲಿ ನಿಂತಿದ್ದ. ಅವನನ್ನು ಪ್ರೀತಿಯಿಂದ ಪಕ್ಕಕ್ಕೆ ಸರಿಸಿ, ಅಲ್ಲಿಂದ ಕೆಳಕ್ಕೆ ಕೂರಿಸಿ, ಕೊನೆಗೆ ಫ್ರೇಮಿನಿಂದಲೇ ಹೊರಗಿಟ್ಟು ಸಮಸ್ಯೆ ಬಗೆಹರಿಸಲಾಯಿತು.

ಇನ್ನು ರಕ್ಷಣಾ ವಿಭಾಗ.

ಲೈನ್‌ಬ್ಯಾಕರ್ ಸ್ಥಾನಕ್ಕೆ, ಕುರ್ಚಿ ಸಿಗದಿದ್ದರೂ ಸೋಫಾದ ಹಿಂದೆ ನಿಂತು, ಇಬ್ಬರು ಪ್ರಮುಖರ ಭುಜಗಳ ನಡುವೆ ತಲೆ ತೂರಿಸುವ ಕಾರ್ಯಕರ್ತರು. ಮರುದಿನ ಸ್ಥಳೀಯ ಪತ್ರಿಕೆಯ ಫೋಟೊದಲ್ಲಿ ಅರ್ಧ ಮುಖ, ಒಂದು ಕಿವಿ ಬಂದರೂ ಅದು ಸಾಧನೆ.

ಸೇಫ್ಟಿ ಸ್ಥಾನಕ್ಕೆ, ಮೂರೂ ಪಕ್ಷದವರು ಕೂತ ವೇದಿಕೆಯಲ್ಲಿ "ಇಲ್ಲಿ ರಾಜಕೀಯ ಬೇಡ" ಎಂದು ಆರಂಭಿಸಿ ಹದಿನೈದು ನಿಮಿಷ ರಾಜಕೀಯವನ್ನೇ ಮಾತಾಡಿ ಯಾರ ಮನಸ್ಸಿಗೂ ನೋವಾಗದಂತೆ ಇಳಿಯುವವರು.

ಲೈನ್‌ಮನ್ ಸ್ಥಾನಕ್ಕೆ ಬೆಸ್ಕಾಂನವರು. ಕಂಬ ಹತ್ತಿ 'ಹೊನಲಿ'ಗೆ ಬೆಳಕು ಕೊಟ್ಟವರು. ಇಡೀ ತಂಡದಲ್ಲಿ ಕೆಲಸ ಮಾಡಿದವರು ಇವರೊಬ್ಬರೇ ಆದ್ದರಿಂದ ವೇದಿಕೆಗೆ ಕರೆದಿಲ್ಲ.

ಕೊನೆಗೆ ವಿಶೇಷ ಪಡೆ. ಇದರಲ್ಲಿ ಉದ್ಘಾಟಕರದ್ದೇ ಸಿಂಹಪಾಲು. ಬಿಳಿ ಪಂಚೆ ಎತ್ತಿಕಟ್ಟಿ, ಚಪ್ಪಲಿ ಹಾಕಿಕೊಂಡೇ ಅಂಗಳಕ್ಕೆ ಇಳಿದು "ಕಬಡ್ಡಿ ಕಬಡ್ಡಿ" ಎಂದು ಎರಡು ಸಲ ಹೇಳಿ ರೈಡ್ ಮಾಡುತ್ತಾರೆ. ಎದುರಿಗೆ ವಿಶ್ವವಿದ್ಯಾಲಯಕ್ಕೆ ಆಡಿದ ಏಳು ಗಟ್ಟಿ ಹುಡುಗರು ಕೈ ಕೈ ಹಿಡಿದು ನಿಂತಿರುತ್ತಾರೆ. ಏಳೂ ಜನ ಮುಟ್ಟಿಸಿಕೊಂಡು ಔಟ್ ಆಗಬೇಕು. ಒಬ್ಬ ಹುಡುಗ ಅಭ್ಯಾಸಬಲದಿಂದ ಉದ್ಘಾಟಕರ ಮೊಣಕಾಲಿಗೆ ಕೈ ಹಾಕಿದ್ದೇ ತಡ, ಸಂಘಟಕರು ಅಂಗಳದ ಹೊರಗಿಂದ ಚೀರಿದರು: "ಲೇ ಬಿಡಲೇ, ಪ್ರಥಮ ಬಹುಮಾನ ಅವರದೇ!"

'ಗೌರವದ ಉಲ್ಲೇಖ' ಎರಡು ವರ್ಗಕ್ಕೆ ಸಲ್ಲುತ್ತದೆ. ಆಹ್ವಾನ ಪತ್ರಿಕೆಯಲ್ಲಿ ಹೆಸರಿದ್ದು ಬಾರದವರು, ಹೆಸರಿಲ್ಲದಿದ್ದರೂ ಬಂದವರು. ಮೊದಲನೆಯವರಿಗಾಗಿ ಫೈನಲ್ ಪಂದ್ಯವನ್ನು ಒಂದೂವರೆ ಗಂಟೆ ತಡೆಯಲಾಗುತ್ತದೆ. ಎರಡನೆಯವರನ್ನು ಸಮಾಧಾನ ಮಾಡುವುದಕ್ಕೆ ಇನ್ನೊಂದು ಗಂಟೆ. ಅಷ್ಟು ಹೊತ್ತು ಹುಡುಗರು ಮೈ ಆರಿಸಿಕೊಂಡು, ಖಾರ ಮಂಡಕ್ಕಿ ಮೆಣಸಿನಕಾಯಿ ತಿಂದು, ಚಳಿಗೆ ಟವೆಲ್ ಹೊದ್ದು ಕೂತಿರುತ್ತಾರೆ. ಹರಿಹರದಿಂದ ಬಂದ ತಂಡದ ಕೊನೆಯ ಬಸ್ಸು ಹೋಗಿ ಎಷ್ಟೋ ಹೊತ್ತಾಗಿರುತ್ತದೆ. ಆರಿದ ಸ್ನಾಯು ಹೊತ್ತು ನಡುರಾತ್ರಿ ರೈಡ್ ಮಾಡಿದವನ ತೊಡೆ ಹಿಡಿದುಕೊಂಡರೆ, ಮೈಕಿನಲ್ಲಿ "ಕ್ರೀಡಾ ಮನೋಭಾವ ಇರಲಿ" ಎಂಬ ಹಿತವಚನ.

ನಡುರಾತ್ರಿ ಎರಡರ ಸುಮಾರಿಗೆ ಬಹುಮಾನ ವಿತರಣೆ. ಆಗ ವೇದಿಕೆಯಲ್ಲಿ ಉಳಿದಿರುವವರು ಪಂದ್ಯಾವಳಿ ಸಮಿತಿಯ ಖಜಾಂಚಿ ಮತ್ತು ಕುರ್ಚಿ ಎಣಿಸಲು ಬಂದ ಶಾಮಿಯಾನದ ಹುಡುಗ. ಅಲ್ಲಿಯವರೆಗೆ ಶಾಲುಗಳು ಮುಗಿದಿರುತ್ತವೆ. ಪೇಟಗಳೂ ಮುಗಿದಿರುತ್ತವೆ. ಹಣ್ಣಿನ ಬುಟ್ಟಿಯಲ್ಲಿ ಸೇಬು ಹೋಗಿ ಎರಡು ಮೂಸಂಬಿ ಉಳಿದಿರುತ್ತವೆ. ಉತ್ತಮ ರೈಡರ್‌ಗೆ ಚಿನ್ನದ ಬಣ್ಣದ ಪ್ಲಾಸ್ಟಿಕ್ ಕಪ್. ಅದರ ಮೇಲೆ ದಾನಿಗಳ ಹೆಸರು ದೊಡ್ಡದಾಗಿ, ಪಂದ್ಯಾವಳಿಯ ಹೆಸರು ಸಣ್ಣದಾಗಿ. ಆಟಗಾರನ ಹೆಸರಿಗೆ ಜಾಗವನ್ನೇ ಬಿಟ್ಟಿರುವುದಿಲ್ಲ. ಅವನ ಹೆಸರನ್ನು ಖಜಾಂಚಿ ಕೂಗಿದ್ದೂ ತಪ್ಪು. ಅಕ್ಕಪಕ್ಕದವರು ತಿದ್ದಿದಾಗ ಅವರು ಹೇಳಿದ್ದು: "ಯಾವುದಾದ್ರೇನು, ಬಂದು ತಗಳಪ್ಪ."

ಇದು ಹದಡಿ ರೋಡಿನ ಕತೆ ಮಾತ್ರವಲ್ಲ. ಇದೇ ನಾಟಕಕ್ಕೆ ವಿಧಾನಸೌಧದ ಮಟ್ಟದ ರಂಗಸಜ್ಜಿಕೆಯೂ ಇದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ನಡೆಯಿತು. ಪುರುಷರಲ್ಲೂ ಮಹಿಳೆಯರಲ್ಲೂ ಭಾರತವೇ ಗೆದ್ದಿತು. ಎರಡು ಫೈನಲ್‌ಗಳಲ್ಲೂ ಸೋತದ್ದು ನೇಪಾಳ. ಭಾರತದ ಆ ತಂಡಗಳಲ್ಲಿ ನಮ್ಮ ರಾಜ್ಯದ ಇಬ್ಬರಿದ್ದರು: ಎಂ.ಕೆ. ಗೌತಮ್ ಮತ್ತು ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ. ಮಹಿಳೆಯರ ಫೈನಲ್‌ನಲ್ಲಿ ಪಂದ್ಯಶ್ರೇಷ್ಠೆ ಇದೇ ಚೈತ್ರಾ. ಮುಖ್ಯಮಂತ್ರಿಗಳು ಕರೆದು ಸನ್ಮಾನಿಸಿ ತಲಾ ಐದು ಲಕ್ಷ ರೂಪಾಯಿ ಘೋಷಿಸಿದರು. ಅತ್ತ ಮಹಾರಾಷ್ಟ್ರ ಸರ್ಕಾರ ಅದೇ ಕಪ್ ಗೆದ್ದ ತನ್ನ ಆಟಗಾರರಿಗೆ ಎರಡೂಕಾಲು ಕೋಟಿ ರೂಪಾಯಿ ಮತ್ತು ಸರ್ಕಾರಿ ಉದ್ಯೋಗ ಎಂದಿತ್ತು. ಗೌತಮ್, ಚೈತ್ರಾ ಇಬ್ಬರೂ ಐದು ಲಕ್ಷ ನಮಗೆ ಬೇಡ ಎಂದು ಬಹಿರಂಗವಾಗಿ ಹೇಳಿದರು.

ಕರ್ನಾಟಕದ ಸನ್ಮಾನ ಪರಂಪರೆಯಲ್ಲಿ ಇದು ಆಘಾತದ ಘಟನೆ. ಶಾಲು ಹೊದಿಸಿಕೊಂಡವರು ಬಾಯಿ ಬಿಡಬಾರದು ಎಂಬ ಅಲಿಖಿತ ನಿಯಮ ನಮ್ಮಲ್ಲಿದೆ. ಹೊದಿಸುವವರು ಮಾತಾಡುತ್ತಾರೆ, ಹೊದಿಸಿಕೊಂಡವರು ಕೈ ಮುಗಿಯುತ್ತಾರೆ. ಆ ಇಬ್ಬರು ಮಾತ್ರ ಲೆಕ್ಕ ಕೇಳಿಬಿಟ್ಟರು. ಆಟಗಾರ ಲೆಕ್ಕ ಕೇಳಿದರೆ 'ದುಡ್ಡಿನ ಆಸೆ' ಎನ್ನುತ್ತೇವೆ. ದಾನಿಗಳು ಕಪ್ಪಿನ ಮೇಲೆ ತಮ್ಮ ಹೆಸರು ಕೊರೆಸಿದರೆ 'ಕ್ರೀಡಾ ಪ್ರೋತ್ಸಾಹ' ಎನ್ನುತ್ತೇವೆ.

ಪ್ರಶಸ್ತಿಗಳಿಗೆ ನಮ್ಮಲ್ಲಿ ಬರ ಎಂದು ಯಾರೂ ಹೇಳುವಂತಿಲ್ಲ. ಕ್ರೀಡೆಗೆ ಏಕಲವ್ಯ ಪ್ರಶಸ್ತಿ ಇದೆ, ದೇಸಿ ಆಟಗಳಿಗೆ ಕ್ರೀಡಾ ರತ್ನ ಇದೆ, ಪ್ರೋತ್ಸಾಹಿಸುವ ಸಂಸ್ಥೆಗಳಿಗೆ ಕ್ರೀಡಾ ಪೋಷಕ ಇದೆ. ಗುರುದಕ್ಷಿಣೆಗೆ ಹೆಬ್ಬೆರಳನ್ನೇ ಕತ್ತರಿಸಿಕೊಟ್ಟವನ ಹೆಸರನ್ನು ಆಟಗಾರರ ಪ್ರಶಸ್ತಿಗೆ ಇಟ್ಟವರು ಯಾರೋ, ಅವರಿಗೆ ದೂರದೃಷ್ಟಿ ಇತ್ತು. ರಾಜ್ಯೋತ್ಸವ ಪ್ರಶಸ್ತಿಯ ಗಣಿತ ಇನ್ನೂ ಸರಳ: ಎಷ್ಟನೇ ರಾಜ್ಯೋತ್ಸವವೋ ಅಷ್ಟು ಮಂದಿ. 2023ರಲ್ಲಿ 68, 2024ರಲ್ಲಿ 69. ಸಾಧಕರು ಹೆಚ್ಚಲಿ ಕಡಿಮೆಯಾಗಲಿ, ಕ್ಯಾಲೆಂಡರ್ ಬದಲಾದಂತೆ ಸಾಧನೆ ಒಂದೊಂದೇ ಅಂಕಿ ಏರುತ್ತದೆ. ಇನ್ನು ಮೂರು ದಶಕ ತಾಳ್ಮೆಯಿಂದ ಕಾದರೆ ಪಟ್ಟಿ ನೂರು ಮುಟ್ಟುತ್ತದೆ. ಹದಡಿ ರೋಡಿನ ನಮ್ಮ ಸೆಂಟರ್ ಅಭ್ಯರ್ಥಿಗಳು ಧೈರ್ಯಗೆಡಬಾರದು.

ದಾವಣಗೆರೆಯಲ್ಲೇ ಬೇರೆ ಥರದ ಗೌರವಗಳೂ ಇವೆ ಎಂಬುದು ನಮ್ಮ ಗಣ್ಯರಿಗೆ ಸ್ವಲ್ಪ ಇರಿಸುಮುರಿಸು. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಯ ಬಯಲು ಕುಸ್ತಿ ನೋಡಿ. ಅಲ್ಲಿ ಎರಡನೇ ತಂಡ ಇಲ್ಲ, ಗೌರವದ ಉಲ್ಲೇಖವಂತೂ ಇಲ್ಲವೇ ಇಲ್ಲ. ಬೆನ್ನು ಮಣ್ಣಿಗೆ ತಾಗಿತೋ ಇಲ್ಲವೋ, ಅಷ್ಟೇ. ತಾಗಿದ್ದನ್ನು ಸುತ್ತ ಕೂತ ಸಾವಿರಾರು ಕಣ್ಣು ನೋಡಿರುತ್ತವೆ. ಮೆಚ್ಚಿದವನು ಅಂಗಳಕ್ಕೇ ಇಳಿದು ಗೆದ್ದವನ ಕೈಗೆ ನೋಟು ತುರುಕುತ್ತಾನೆ, ತನ್ನ ಹೆಸರನ್ನು ಮೈಕಿನಲ್ಲಿ ಕೂಗಿಸಲು ಕಾಯುವುದಿಲ್ಲ. ಆಯ್ಕೆ ಸಮಿತಿ ಬೇಕಿಲ್ಲದ ಪ್ರಶಸ್ತಿಯಲ್ಲಿ ಮೋಸಕ್ಕೆ ಜಾಗ ಕಡಿಮೆ.

ಕ್ರಿಕೆಟಿಗ ವಿನಯ್ ಕುಮಾರ್ ಅವರನ್ನೂ ನೋಡಿ. ದಾವಣಗೆರೆಯಲ್ಲಿ ಹುಟ್ಟಿದ ಹುಡುಗ, ರಣಜಿಯಲ್ಲಿ ವರ್ಷಗಟ್ಟಲೆ ಬೆವರು ಸುರಿಸಿ ಪ್ರಥಮ ದರ್ಜೆಯಲ್ಲಿ ಐನೂರಕ್ಕೂ ಹೆಚ್ಚು ವಿಕೆಟ್ ತೆಗೆದ. 2013-14 ಮತ್ತು 2014-15ರಲ್ಲಿ ಬೆನ್ನುಬೆನ್ನಿಗೆ ಕರ್ನಾಟಕಕ್ಕೆ ರಣಜಿ ಟ್ರೋಫಿ ಗೆದ್ದುಕೊಟ್ಟ ನಾಯಕ. ಭಾರತದ ಟೆಸ್ಟ್ ತಂಡದಲ್ಲಿ ಅವರಿಗೆ ಸಿಕ್ಕಿದ್ದು ಪರ್ತ್‌ನ ಒಂದೇ ಒಂದು ಪಂದ್ಯ. ಆದರೂ ಕ್ರಿಕೆಟ್ ನೋಡುವವರ ಬಾಯಲ್ಲಿ ಅವರು 'ದಾವಣಗೆರೆ ಎಕ್ಸ್‌ಪ್ರೆಸ್'. ಆ ಬಿರುದಿಗೆ ಅರ್ಜಿ ಆಹ್ವಾನಿಸಿರಲಿಲ್ಲ, ಪ್ರಾಯೋಜಕರಿರಲಿಲ್ಲ, ಪ್ರದಾನ ಸಮಾರಂಭವೂ ಆಗಲಿಲ್ಲ. ಅದಕ್ಕೇ ಇನ್ನೂ ಬಾಳಿಕೆ ಬಂದಿದೆ.

ಹದಡಿಗೆ ಹತ್ತಿರದ ತೋಳಹುಣಸೆಯಲ್ಲಿ 2009ರಲ್ಲಿ ಹುಟ್ಟಿದ ದಾವಣಗೆರೆ ವಿಶ್ವವಿದ್ಯಾಲಯವಿದೆ. ಅಂತರ ಕಾಲೇಜು ಪಂದ್ಯಗಳಲ್ಲಿ ಮಿಂಚಿದ ಹುಡುಗ ವಿಶ್ವವಿದ್ಯಾಲಯದ ತಂಡ ಸೇರಿ ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಕೂಟಕ್ಕೆ ಹೋಗಿಬಂದರೆ 'ಯೂನಿವರ್ಸಿಟಿ ಬ್ಲೂ' ಆಗುತ್ತಾನೆ. ಅಮೆರಿಕದ ಆಲ್-ಕಾನ್ಫರೆನ್ಸ್ ಗೌರವಕ್ಕೆ ನಮ್ಮಲ್ಲಿ ಹತ್ತಿರದ ನೆಂಟ ಇದೇ. ಒಂದು ವ್ಯತ್ಯಾಸವಿದೆ, ಅದು ನಮ್ಮ ಹೆಚ್ಚುಗಾರಿಕೆ: ಇಲ್ಲಿ ಆಡದೆ ಬ್ಲೂ ಆಗುವಂತಿಲ್ಲ, ಋತುಪೂರ್ವ ಬ್ಲೂ ಎಂಬುದಿಲ್ಲ. ಆದರೆ ಹಳ್ಳಿಯ ಮಣ್ಣಿನ ಅಂಗಳದಲ್ಲಿ ಬರಿಗಾಲಲ್ಲಿ ಆಡಿ ಬೆಳೆದವನು ವಲಯ ಕೂಟಕ್ಕೆ ಹೋದಾಗ ಮೊದಲ ಸಲ ಮ್ಯಾಟ್ ಮೇಲೆ ಕಾಲಿಡುತ್ತಾನೆ. ಮಣ್ಣಿನಲ್ಲಿ ಕಚ್ಚಿ ಹಿಡಿಯುತ್ತಿದ್ದ ಪಾದ ಮ್ಯಾಟಿನಲ್ಲಿ ಜಾರುತ್ತದೆ. ಮ್ಯಾಟಿಗೆ ಬೇರೆಯೇ ಶೂ ಬೇಕು ಎಂದು ಅವನಿಗೆ ಗೊತ್ತಾಗುವುದು ಆವತ್ತು. ಮೊದಲ ಪಂದ್ಯದಲ್ಲೇ ಸೋತು ವಾಪಸ್ ಬಂದವನಿಗೆ ಊರ ಬಾಗಿಲಲ್ಲಿ ಬ್ಯಾನರ್ ಕಾದಿರುತ್ತದೆ. ಒಂದು ಬ್ಯಾನರಿನ ದುಡ್ಡಿಗೆ ಒಂದು ಜೊತೆ ಶೂ ಬರುತ್ತಿತ್ತು ಎಂದು ಲೆಕ್ಕ ಹಾಕುವಷ್ಟು ಗಣಿತ ಅವನಿಗೂ ಬರುತ್ತದೆ.

ಕಪ್ಪುಗಳ ಇನ್ನೊಂದು ರಹಸ್ಯ ಅವನಿಗೆ ಗೊತ್ತಾಗುವುದು ವೃತ್ತಿಶಿಕ್ಷಣದ ಕ್ರೀಡಾ ಕೋಟಾಕ್ಕೆ, ಪೊಲೀಸ್ ನೇಮಕಾತಿಯ ಕ್ರೀಡಾ ಕೋಟಾಕ್ಕೆ ಅರ್ಜಿ ಹಾಕುವಾಗ. ಅಲ್ಲಿ ಕೇಳುವುದು ಮಾನ್ಯತೆ ಪಡೆದ ಕೂಟದ ಸರ್ಟಿಫಿಕೇಟನ್ನು. ಮನೆಯ ಶೋಕೇಸಿನಲ್ಲಿರುವ ಹದಿನಾಲ್ಕು ಹೊನಲು ಬೆಳಕಿನ ಕಪ್ಪುಗಳನ್ನು ಚೀಲದಲ್ಲಿ ತುಂಬಿ ಕೌಂಟರಿಗೆ ಒಯ್ದರೂ ಅವುಗಳ ಬೆಲೆ ಗುಜರಿ ಬೆಲೆ. ಒಂದು ಕಾಲದಲ್ಲಿ ಕೆಲಸ ಎಂದರೆ ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಇತ್ತು, ದಾವಣಗೆರೆಯಲ್ಲಿ ಹತ್ತಿ ಗಿರಣಿಗಳ ಸಾಲೇ ಇತ್ತು. ಈಗ ಕಿರ್ಲೋಸ್ಕರ್ ಮುಚ್ಚಿದೆ, ಗಿರಣಿಗಳ ಸದ್ದು ನಿಂತಿದೆ. ಊರಲ್ಲಿ ಇವತ್ತಿಗೂ ಮೂರು ಪಾಳಿಯಲ್ಲಿ ನಡೆಯುತ್ತಿರುವ ಉದ್ಯಮ ಸನ್ಮಾನ ಒಂದೇ. ಅದರಲ್ಲಿ ಆಟಗಾರನಿಗೆ ಕೆಲಸ ಖಾಲಿ ಇಲ್ಲ.

ಮತ್ತೆ ಅಮೆರಿಕಕ್ಕೆ ಹೋಗೋಣ. ಆ ಪಟ್ಟಿ ಹುಚ್ಚಿನ ದೇಶದಲ್ಲಿ 2021ರಿಂದ ಒಂದು ಬದಲಾವಣೆ ಆಗಿದೆ. ಕಾಲೇಜು ಆಟಗಾರ ತನ್ನ ಹೆಸರು, ಮುಖ, ಖ್ಯಾತಿಯನ್ನು ಬಳಸಿಕೊಳ್ಳುವವರಿಂದ ದುಡ್ಡು ಪಡೆಯಬಹುದು. 2025ರಿಂದ ಕಾಲೇಜೇ ನೇರವಾಗಿ ಅವನಿಗೆ ಹಣ ಕೊಡಬಹುದು. ಅಲ್ಲಿಯವರೆಗೆ ಅವನ ಬೆವರಿನಲ್ಲಿ ತರಬೇತುದಾರ, ಟಿವಿ ಕಂಪನಿ, ವಿಶ್ವವಿದ್ಯಾಲಯ ಎಲ್ಲರೂ ಶ್ರೀಮಂತರಾಗಿ, ಅವನಿಗೆ ಮಾತ್ರ 'ಗೌರವ' ಹಂಚಲಾಗುತ್ತಿತ್ತು. ಹುಡುಗರು ಕೋರ್ಟಿಗೆ ಹೋದರು, ಗೆದ್ದರು. ಆಲ್-ಕಾನ್ಫರೆನ್ಸ್ ಪಟ್ಟಿ ಇವತ್ತಿಗೂ ಬರುತ್ತದೆ, ಆದರೆ ಅದರಲ್ಲಿ ಹೆಸರು ಬಂದವನ ಕಿಮ್ಮತ್ತೂ ಏರುತ್ತದೆ.

ಇಲ್ಲಿ ಆ ಕಾನೂನು ತಂದರೂ ಪ್ರಯೋಜನವಿಲ್ಲ. ಮುಖಕ್ಕೆ ಸಂಭಾವನೆ ಕೇಳಬೇಕಾದರೆ ಮೊದಲು ಫ್ಲೆಕ್ಸಿನಲ್ಲಿ ಆಟಗಾರನ ಮುಖ ಇರಬೇಕಲ್ಲ? ನಮ್ಮ ಪಂದ್ಯಾವಳಿ ಫ್ಲೆಕ್ಸಿನಲ್ಲಿ ನಲವತ್ತು ಮುಖಗಳಿರುತ್ತವೆ. ಕಬಡ್ಡಿಯ ಗುರುತಿಗೆ ಮೂಲೆಯಲ್ಲಿ ಒಂದು ಫೋಟೊ ಇರುತ್ತದೆ. ಅದೂ ಪ್ರೊ ಕಬಡ್ಡಿಯಿಂದ ಇಳಿಸಿಕೊಂಡ ಯಾವುದೋ ಹರಿಯಾಣದ ಆಟಗಾರನದ್ದು.

ಹಾಗಾಗಿ ಅಖಿಲ ಹದಡಿ ರೋಡ್ ಕಾನ್ಫರೆನ್ಸಿನ ಆಯ್ಕೆದಾರನಾಗಿ ನನ್ನ ತೀರ್ಪು ಮತ್ತು ಕೋರಿಕೆ ಇಷ್ಟು. ಗಣ್ಯರ ತಂಡಕ್ಕೆ ಈ ವರ್ಷ ಸರ್ವಾನುಮತದಿಂದ ಎಲ್ಲ ಪ್ರಶಸ್ತಿಗಳನ್ನೂ ಕೊಟ್ಟಾಗಿದೆ, ಇನ್ನು ಅವರು ನಿವೃತ್ತರಾಗಲಿ. ಮುಂದಿನ ಪಂದ್ಯಾವಳಿಯಲ್ಲಿ ಶಾಲು, ಪೇಟ, ಹಾರದ ಬಾಬ್ತನ್ನು ಮ್ಯಾಟಿಗೆ ಬಾಡಿಗೆ ಕಟ್ಟಲು ಬಳಸಿ. ಫೈನಲ್ ರಾತ್ರಿ ಹತ್ತಕ್ಕೆ ಮುಗಿಯಲಿ, ಹರಿಹರದ ಹುಡುಗರು ಬಸ್ಸು ಹಿಡಿಯಲಿ. ಉದ್ಘಾಟಕರು ರೈಡ್ ಮಾಡಲೇಬೇಕೆಂದರೆ ಮಾಡಲಿ, ಆದರೆ ಹಿಡಿಯಲು ಹುಡುಗರಿಗೆ ಅನುಮತಿ ಇರಲಿ. ಕಪ್ಪಿನ ಮೇಲೆ ಮೊದಲು ಆಟಗಾರನ ಹೆಸರು ಬರಲಿ, ಜಾಗ ಉಳಿದರೆ ದಾನಿಗಳದ್ದು. ಗೆದ್ದ ಹುಡುಗನ ಹೆಸರು, ಊರು, ಓದುತ್ತಿರುವ ಕಾಲೇಜು ಮೂರನ್ನೂ ಚೀಟಿ ನೋಡದೆ ಹೇಳಬಲ್ಲವರು ಮಾತ್ರ ಕಪ್ ಮುಟ್ಟಬೇಕು. ಹೇಳಲು ಬಾರದವರು ಐವತ್ತು ರೂಪಾಯಿ ಟಿಕೆಟ್ ತಗೊಂಡು ಗ್ಯಾಲರಿಯಲ್ಲಿ ಕೂತು ಕಬಡ್ಡಿ ನೋಡಬೇಕು.